ಏಳನೇ ಪ್ರಶ್ನೆ

ಮೊದಲ ಸಲ ಅವನು ಆ ಕೋಣೆಗೆ ಬಂದಾಗ ಅವಳು ಅವನನ್ನು ಗದರಿಸಿ ಕೂರಿಸಿದ್ದಳು.

ತಪ್ಪು ಅವಳದ್ದೇ. ಔಷಧ ಕಂಪನಿಯಲ್ಲಿ ಅವಳ ಕೆಲಸ, ಮಾತ್ರೆಯ ಡಬ್ಬಿಯೊಳಗೆ ಮಡಿಸಿಡುವ ಚೀಟಿಯನ್ನು ಬರೆಯುವುದು. ಬರೆದದ್ದನ್ನು ಹತ್ತು ಮಂದಿ ಸಾಮಾನ್ಯ ಜನರಿಂದ ಓದಿಸಿ, ಹತ್ತು ಪ್ರಶ್ನೆ ಕೇಳಿ, ಅರ್ಥವಾಯಿತೋ ಇಲ್ಲವೋ ನೋಡುವುದು. ಆಫೀಸಿನಲ್ಲಿ ಅವಳ ಹೆಸರೇ ಟೀಚರಮ್ಮ ಎಂದಾಗಿತ್ತು. ಅವತ್ತು ಹತ್ತೂ ಜನ ಮುಗಿದ ಮೇಲೆ ಬಾಗಿಲಲ್ಲಿ ಒಬ್ಬ ನಿಂತಿದ್ದ.

"ಲೇಟಾಗಿ ಬಂದಿದ್ದೀರಿ. ಕೂತ್ಕೊಳ್ಳಿ, ಮೊಬೈಲ್ ಒಳಗಿಡಿ" ಎಂದು ಚೀಟಿ ಕೈಗಿತ್ತಳು. ಅವನು ವಿಧೇಯನಾಗಿ ಓದಿದ. ಹತ್ತಕ್ಕೆ ಮೂರು ಬಂತು.

"ನೋಡೋಕೆ ಓದಿದವರ ಥರ ಇದ್ದೀರಿ. ಏನು ಕೆಲಸ?"

"ಶಾಸಕ."

ಆರೋಗ್ಯ ಸಮಿತಿಯ ಪರವಾಗಿ ಕಂಪನಿ ನೋಡಲು ಬಂದವನಂತೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಅವನು ನಕ್ಕ. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು. "ನನ್ನ ಮಾರ್ಕ್ಸು ಯಾರಿಗೂ ಹೇಳ್ಬೇಡಿ. ಚುನಾವಣೆ ಹತ್ರ ಬಂತು."

ಅಂದಿನಿಂದ ಅವಳ ಪಾಲಿಗೆ ಅವನು 'ಹನ್ನೊಂದು.'

ಆ ಮೂರು ಮಾರ್ಕ್ಸಿನ ಸಿಟ್ಟಿಗೋ ಏನೋ, ಅವನು ಹಟ ಹಿಡಿದು ಒಂದು ನಿಯಮ ಮಾಡಿಸಿದ. ಕನ್ನಡಕವಿಲ್ಲದೆ ತನ್ನ ತಾಯಿ ಓದುವಷ್ಟು ದೊಡ್ಡ ಅಕ್ಷರ ಇರಬೇಕು. 'ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕು' ಎಂಬ ಏಳನೇ ಪ್ರಶ್ನೆಗೆ ಓದಿದವರಲ್ಲಿ ಒಬ್ಬರೇ ಒಬ್ಬರು ಉತ್ತರ ತಪ್ಪಿದರೂ ಆ ಚೀಟಿ ಅಚ್ಚಾಗಬಾರದು. ಅವನ ತಾಯಿಯೇ ಬಂದು ಮೊದಲ ಓದುಗಾರ್ತಿಯಾದಳು. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತ ಹೆಂಗಸು, ಮಂಡಿ ಸವೆದಿತ್ತು, ನಾಲಿಗೆ ಸವೆದಿರಲಿಲ್ಲ. ಆ ನಿಯಮಕ್ಕೇ ಟೀಚರಮ್ಮ ಸೋತಳು. ಕೆನ್ನೆಯ ಗುಳಿಗೆ ಸೋತಿದ್ದು ಆಮೇಲೆ.

ಅವನು ಚುನಾವಣೆಯಲ್ಲಿ ಸೋತ. ವರ್ಷ ತಿರುಗುವುದರೊಳಗೆ ಅದೇ ಕಂಪನಿಯ ಐದನೇ ಮಹಡಿಯಲ್ಲಿ ಸಲಹೆಗಾರನಾಗಿ ಕೂತ. ಮನೆ ಕಟ್ಟಿದವನಿಗೆ ಕಿಟಕಿ ಎಲ್ಲಿದೆ ಅಂತ ಗೊತ್ತಿರುತ್ತದೆ ಎಂದು ಮಾಲೀಕರು ಅವನನ್ನು ಕರೆತಂದಿದ್ದರು. ನಿಯಮದಲ್ಲಿ ಕಿಟಕಿ ಹುಡುಕುವ ಆ ಮಾತು ಅವಳಿಗೆ ಹಿಡಿಸಿರಲಿಲ್ಲ.

ಆದರೆ ಪ್ರತಿ ಸಂಜೆ ನಾಲ್ಕಕ್ಕೆ ಅವನು ಎರಡು ಟೀ ಹಿಡಿದು ಇಳಿದು ಬರುತ್ತಿದ್ದ.

"ಐದನೇ ಮಹಡೀಲಿ ಟೀ ಸಿಗಲ್ವಾ?"

"ಸಿಗುತ್ತೆ. ಬೈಯೋರು ಸಿಗಲ್ಲ."

ಅವಳು ಕಾಗದದತ್ತ ಕಣ್ಣಿಟ್ಟು ತುಟಿ ಕಚ್ಚುತ್ತಿದ್ದಳು. ಅವನು ಅದನ್ನು ನೋಡುತ್ತಿದ್ದ. ನೋಡಿದ್ದು ಅವಳಿಗೆ ಗೊತ್ತು ಎಂಬುದೂ ಅವನಿಗೆ ಗೊತ್ತಿತ್ತು. ಟೀ ಆರಿ ತಣ್ಣಗಾಗುತ್ತಿತ್ತು.

ಈಗ ಮುಂದಿನ ಚುನಾವಣೆಯಲ್ಲಿ ಅವನೂ ಗೆದ್ದು, ಅವನ ಪಕ್ಷವೂ ಗೆದ್ದಿತ್ತು. ಬರುವ ಸೋಮವಾರ ಅವನು ಆರೋಗ್ಯ ಮಂತ್ರಿ. ಮಾಲೀಕರು ಮೇಲಿನವರ ಕಿವಿಯಲ್ಲಿ ಒಂದು ಮಾತು ಹಾಕಿದ್ದರು ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು.

ಶನಿವಾರ ಮಧ್ಯಾಹ್ನ ಅವನು ತಾಯಿಯನ್ನೂ ಕರೆದುಕೊಂಡು ಓದುವ ಕೋಣೆಗೆ ಬಂದ. ಒಂದು ಕೈಯಲ್ಲಿ ಪುಟ್ಟ ಉಂಗುರದ ಡಬ್ಬಿ, ಇನ್ನೊಂದರಲ್ಲಿ ಮಂಡಿನೋವಿನ ಹೊಸ ಮಾತ್ರೆಯ ಚೀಟಿ.

"ಅಮ್ಮನ ಎದುರಿಗೇ ಕೇಳ್ತೀನಿ, ಆಮೇಲೆ ಇಲ್ಲ ಅನ್ಬಾರ್ದು. ನನ್ನ ಮದುವೆ ಆಗ್ತೀರಾ?"

"ಹೂಂ ಅನ್ನಮ್ಮ. ಇವನಿಗೆ ಪಾಠ ಹೇಳಿ ನಂಗೂ ಸಾಕಾಗಿದೆ" ಎಂದಳು ತಾಯಿ, ಮಣಿಕಟ್ಟು ಕೆರೆದುಕೊಳ್ಳುತ್ತ. ಬಿಸ್ಕತ್ತು ಕೊಟ್ಟರೆ ಬೇಡವೆಂದು ತಟ್ಟೆ ದೂರ ತಳ್ಳಿದಳು.

ಎಷ್ಟು ದಿನದಿಂದ ಕಾದಿದ್ದ ಮಾತು! ಅವಳ ಕಣ್ಣು ತುಂಬಿ ಬಂತು. ಹೂಂ ಎನ್ನಲು ಬಾಯಿ ತೆರೆದವಳು, ಅವನು ಮೇಜಿನ ಮೇಲಿಟ್ಟ ಚೀಟಿ ನೋಡಿ ಅಲ್ಲೇ ನಿಂತಳು. ಅವಳು ಬರೆದದ್ದರಲ್ಲಿ ಒಂದು ಸಾಲು ಇರಲಿಲ್ಲ.

"ಇದಕ್ಕೊಂದು ಸಹಿ ಬೇಕು" ಎಂದ ಅವನು, ದನಿ ತಗ್ಗಿಸಿ. "ಹತ್ತು ಜನ ಓದಿದ್ರು, ಅರ್ಥ ಆಯ್ತು ಅಂತ. ಇವತ್ತೇ."

"ಕೂತ್ಕೊಳ್ಳಿ, ಹನ್ನೊಂದು. ಮೊಬೈಲ್ ಒಳಗಿಡಿ. ಮೊದಲು ನೀವು ಓದಿ."

ಅವನು ತಮಾಷೆ ಎಂದುಕೊಂಡು ಕೂತ, ಹಳೆಯ ಹುಡುಗಾಟದಲ್ಲೇ ಓದಿದ. ಆರು ಪ್ರಶ್ನೆಗಳಿಗೆ ಪಟಪಟನೆ ಉತ್ತರ ಬಂತು. ಆರಕ್ಕೆ ಆರು.

"ಏಳು. ಈ ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕು?"

ಗುಳಿ ಮಾಯವಾಯಿತು. "ಹತ್ತು ಸಾವಿರಕ್ಕೆ ಒಬ್ರಿಗೆ ಆಗೋದು ಅದು. ಸುಮ್ನೆ ಜನ ಹೆದರ್ತಾರೆ. ಸೋಮವಾರ ಕಳೀಲಿ, ಆ ಸಾಲನ್ನ ನಾನೇ ವಾಪಸ್ ಹಾಕಿಸ್ತೀನಿ. ಆ ಕುರ್ಚಿಯಿಂದ ಒಂದು ಸಹಿ ಸಾಕು."

"ಐದನೇ ಮಹಡಿಯ ಕುರ್ಚಿಗೆ ಬಂದಾಗಲೂ ಹೀಗೇ ಅಂದಿದ್ರಿ, ಒಳಗಿದ್ದೇ ಸರಿ ಮಾಡ್ತೀನಿ ಅಂತ."

ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಹಾಗೇ ನಂಬಿದ್ದ. ಅದನ್ನು ಕಂಡೇ ಅವಳಿಗೆ ಹೆಚ್ಚು ಭಯವಾಯಿತು.

"ಯಾವುದು, ನನ್ನ ಮಾತ್ರೆನಾ?" ತಾಯಿ ಕತ್ತು ಚಾಚಿದಳು. "ಅಂಗಡಿಗೆ ಬರೋ ಮೊದಲೇ ಇವನು ತಂದುಕೊಟ್ಟ, ಆರು ವಾರ ಆಯ್ತು. ಮಂಡಿ ಹಗುರ ಆಗಿದೆ ಕಣೆ. ಆದ್ರೆ ಮೈಯೆಲ್ಲಾ ತುರಿಕೆ. ಊಟ ಸೇರಲ್ಲ. ಒಂದಕ್ಕೆ ಹೋದ್ರೆ ಹಾಲಿಲ್ಲದ ಟೀ ಥರ ಬಣ್ಣ. ಸೆಖೆಗೆ ಇರ್ಬೇಕು."

ಅವಳು ಎದ್ದು ತಾಯಿಯ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳಲ್ಲಿ ಕೆಳರೆಪ್ಪೆ ಎಳೆದು ನೋಡಿದಳು. ಬಿಳಿ ಇರಬೇಕಾದಲ್ಲಿ ಹಳದಿ ಇತ್ತು. ಚೀಟಿಯಿಂದ ಮಾಯವಾಗಿದ್ದ ಸಾಲೂ ಅದೇ: ಮೈ ತುರಿಸಿದರೆ, ಹಸಿವು ಸತ್ತರೆ, ಕಣ್ಣು ಹಳದಿಯಾದರೆ ಕೂಡಲೇ ನಿಲ್ಲಿಸಿ.

ಅವನು ಕುರ್ಚಿ ಉರುಳುವಂತೆ ಎದ್ದು ಬಂದ. "ಅಮ್ಮಾ, ಆ ಮಾತ್ರೆ ತಗೋಬೇಡ! ಇವತ್ತಿಂದ್ಲೇ ನಿಲ್ಲಿಸು!"

"ಯಾಕೋ? ಎಲ್ಲಿ ಬರ್ದಿದೆ?" ತಾಯಿ ಚೀಟಿ ಎತ್ತಿಕೊಂಡು, ಕನ್ನಡಕವಿಲ್ಲದೆ, ಬೆರಳಿಟ್ಟು ಸಾಲುಸಾಲಾಗಿ ಹುಡುಕಿದಳು. "ತೋರ್ಸು. ಎಲ್ಲಿದೆ?"

ಅವನು ತೋರಿಸಲಿಲ್ಲ. ತಾಯಿ ಮಗನ ಮುಖವನ್ನೇ ನೋಡಿದಳು. ಹೊಲಿಗೆ ಬಿಟ್ಟದ್ದು ಎಲ್ಲಿ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ನೀನೇ ತೆಗ್ಸಿದ್ದಾ?"

"ನನ್ನ ಹಾಳೆ ಕೊಡು ಮಗಳೇ" ಎಂದು ತಾಯಿ ಪೆನ್ನು ತೆಗೆದುಕೊಂಡಳು. ಏಳನೇ ಪ್ರಶ್ನೆಯ ಎದುರು 'ಗೊತ್ತಾಗಲಿಲ್ಲ' ಎಂದು ಬರೆದು, ಕೆಳಗೆ ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದಳು. ಒಬ್ಬರು ತಪ್ಪಿದರೂ ಚೀಟಿ ಅಚ್ಚಾಗದು. ಮಗನೇ ಮಾಡಿದ ನಿಯಮ.

"ಅಮ್ಮಾ, ಸೋಮವಾರ..." ಎಂದವನು ಅಷ್ಟಕ್ಕೇ ನಿಲ್ಲಿಸಿದ. ಆದರೂ ಆ ಮಾತು ಇಬ್ಬರು ಹೆಂಗಸರ ಕಿವಿಗೂ ಬಿದ್ದಿತ್ತು.

ಟೀಚರಮ್ಮ ಆ ಹಾಳೆಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಉಂಗುರದ ಡಬ್ಬಿಯನ್ನು ಅವನ ಅಂಗೈಯಲ್ಲಿಟ್ಟು, ಒಂದು ಗಳಿಗೆ ಆ ಬೆರಳುಗಳನ್ನು ಬಿಡಲಾರದೆ ಹಿಡಿದುಕೊಂಡಳು.

"ನಿಮ್ಮನ್ನ ಪ್ರೀತಿಸ್ತೀನಿ. ಅದ್ರಲ್ಲಿ ಅನುಮಾನ ಬೇಡ. ಈಗ ಆಸ್ಪತ್ರೆಗೆ ಹೋಗ್ಬೇಕು, ಬನ್ನಿ. ಬಂದ್ರೆ ದಾರೀಲೇ ಹೂಂ ಅಂತೀನಿ."

ತಾಯಿಯ ತೋಳು ಹಿಡಿದು ಲಿಫ್ಟಿನವರೆಗೆ ನಡೆಸಿದಳು. ಬಾಗಿಲು ಮುಚ್ಚದಂತೆ ಕಾಲು ಅಡ್ಡ ಇಟ್ಟು ನಿಂತಳು.

"ಬರ್ತಾನಲ್ವಾ?" ಎಂದಳು ತಾಯಿ, ಮಣಿಕಟ್ಟು ಕೆರೆಯುತ್ತ.

"ಬರ್ತಾರಮ್ಮ."

ಹಜಾರದಲ್ಲಿ ಅವನ ಹೆಜ್ಜೆ ಕೇಳಿಸಿತು. ಒಂದು, ಎರಡು, ಮೂರು, ಓಡುವ ಹೆಜ್ಜೆ. ಅವಳ ಜೀವ ಹಗುರವಾಯಿತು. ಅಷ್ಟರಲ್ಲಿ ಅವನ ಮೊಬೈಲ್ ಹೊಡೆದುಕೊಂಡಿತು. ಹೆಜ್ಜೆ ನಿಂತಿತು.

ಲಿಫ್ಟಿನ ಬಾಗಿಲು ಅವಳ ಕಾಲಿಗೆ ಬಡಿದು ಹಿಂದೆ ಸರಿಯಿತು, ಮತ್ತೆ ಬಡಿಯಿತು.

"ಹೇಳಿ ಸಾರ್" ಎಂದಿತು ಅವನ ದನಿ, ವಿನಯದಿಂದ.

ಅವಳು ಕಾಲು ತೆಗೆದಳು.