ಕಬ್ಬಿನ ಗಾಡಿ ಏರಿದ ಕೋಳಿ

ಕೋಳಿ ಕದ್ದವನ ಮುಖ ಇಷ್ಟು ಚೆಂದ ಇರಬಾರದು ಎಂದು ಕಸ್ತೂರಿಗೆ ಅನಿಸಿತು.

ಮುಂಜಾನೆಯಿಂದ ಆಕೆ ಸತ್ತಿ ಊರಿನ ಓಣಿ ಓಣಿ ತಿರುಗಿ ಹುಡುಕಿದ್ದ ಬಿಳಿ ಚುಕ್ಕೆಯ ಕೋಳಿ, ಸಂಜೆ ಟ್ರ್ಯಾಕ್ಟರ್ ಡ್ರೈವರ್ ಭರಮುವಿನ ಕಂಕುಳಲ್ಲಿ ಹಾಯಾಗಿ ಕುಳಿತಿತ್ತು.

“ಕದ್ದು ಒಯ್ದಾವ್ರು ಮತ್ಯಾಕ ತಂದ್ರಿ?”

“ನಾ ಒಯ್ದಿಲ್ಲರಿ. ಅದ ಕಬ್ಬಿನ ಲೋಡಿನ ಮ್ಯಾಲ ಕುಂತು ಉಗಾರಕ್ಕ ಬಂದಿತ್ತು. ಸಕ್ಕರಿ ಫ್ಯಾಕ್ಟರಿ ಗೇಟಿನ್ಯಾಗ ವಾಚ್‌ಮನ್ ನಕ್ಕ ಮ್ಯಾಲ ನನಗ ಗೊತ್ತಾತು.” ಕೋಳಿಯನ್ನು ಆಕೆಯ ಕೈಗಿತ್ತ. “ಅಂಜಿತ್ತರಿ. ಬರೂವಾಗ ತೊಡಿ ಮ್ಯಾಲ ಕುಂಡರಿಸಿಕೊಂಡು ಬಂದೆ.”

ಕಸ್ತೂರಿ ನಾಲಿಗೆ ಕಚ್ಚಿಕೊಂಡಳು.

ಪಾಪ, ತಪ್ಪು ಕೋಳಿಗಳದ್ದೂ ಅಲ್ಲ. ಮರಿಗಳಿದ್ದಾಗ ಸಂತೆಯಿಂದ ತಂದವು. ಹೊತ್ತು ಮುಳುಗಿದರೆ ಗೂಡು ಸೇರಬೇಕೆಂದು ಕಲಿಸಲು ತಾಯಿಯಿರಲಿಲ್ಲ. ಕತ್ತಲಾಗುತ್ತಲೇ ಮನೆ ಮುಂದಿನ ಬೇವಿನ ಮರದಡಿ ನಿಲ್ಲುವ ಭರಮುವಿನ ಲೋಡು ಏರಿಬಿಡುತ್ತಿದ್ದವು.

“ನಾನೂ ಕೈ ಹಚ್ಚತೀನ್ರಿ,” ಎಂದ ಅವನು. “ಇಬ್ಬರೂ ಕೂಡಿ ಕಲಿಸೂನು.”

ಕೆಲವು ದಿನ ಅವನ್ನು ಗೂಡಿನಲ್ಲೇ ಕೂಡಿಹಾಕಿದರು. ಆಮೇಲೆ ಸಂಜೆಗೆ ಸ್ವಲ್ಪ ಮುಂಚೆ ಬಿಟ್ಟು, ಗೂಡಿನೊಳಗೆ ಸಣ್ಣ ಬಲ್ಬ್ ಹಚ್ಚಿ, ಜೋಳ ಚೆಲ್ಲಿದರು. ಅಟ್ಟಿದರೆ ಗೂಡೆಂದರೆ ಹೆದರುತ್ತವೆಂದು ಯಾರೂ ಅಟ್ಟಲಿಲ್ಲ. ಲೋಡು ಏರಿದವನ್ನು ಭರಮು ಒಂದೊಂದಾಗಿ ಇಳಿಸಿಕೊಡುತ್ತಿದ್ದ, ಕಸ್ತೂರಿ ಒಳಗೆ ಬಿಡುತ್ತಿದ್ದಳು. ಬೆಚ್ಚಗಿನ ರೆಕ್ಕೆಯ ಅಡಿಯಲ್ಲಿ ಬೆರಳಿಗೆ ಬೆರಳು ತಗುಲಿದರೆ ಇಬ್ಬರೂ ಕೋಳಿಯನ್ನೇ ನೋಡುತ್ತಿದ್ದರು.

“ಕೈ ತಣ್ಣಗಾಗ್ಯಾವಲ್ರಿ,” ಎಂದ ಒಮ್ಮೆ.

“ಕೋಳಿ ಹಿಡೀರಿ, ಕೈ ನೋಡಬ್ಯಾಡ್ರಿ.”

ಅಂದದ್ದೇನೋ ಅಂದಳು, ನಗು ಮಾತ್ರ ಮುಚ್ಚಿಡಲು ಆಗಲಿಲ್ಲ. ಗಂಡ ತೀರಿಕೊಂಡ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು. ಆದರೆ ನಕ್ಕ ಬೆನ್ನಿಗೇ ಅತ್ತೆ ತಾರವ್ವ ನೆನಪಾದಳು. “ಸೊಸೆಯನ್ನು ತವರಿಗೆ ಕಳಿಸು” ಎಂದು ನೆಂಟರೆಲ್ಲ ಗಂಟುಬಿದ್ದಾಗ, “ಈಕಿ ನನ್ನ ಮಗಳು, ಎಲ್ಲಿಗೂ ಕಳಸೂದಿಲ್ಲ” ಎಂದು ಎದೆಗೊತ್ತಿಕೊಂಡ ಜೀವ ಅದು. ಅಂಥ ಋಣವನ್ನು ಹೊತ್ತುಕೊಂಡು ಇನ್ನೊಬ್ಬನ ಮೇಲೆ ಮನಸ್ಸಾಗಿದೆ ಎಂದು ಯಾವ ಬಾಯಲ್ಲಿ ಹೇಳುವುದು?

ಕೋಳಿಗಳು ಕಲಿತವು. ಬಿಳಿ ಚುಕ್ಕೆಯದು ಮಾತ್ರ ದಿನವೂ ಲೋಡೇ ಏರುತ್ತಿತ್ತು. ಅದರ ಗುಟ್ಟು ಕಸ್ತೂರಿಗೆ ಗೊತ್ತು. ಭರಮು ನೀರಿನ ಟಾಕಿಯ ಹತ್ತಿರ ಮುಖ ತೊಳೆಯಲು ಹೋದಾಗ ಕಬ್ಬಿನ ಮೇಲೆ ಒಂದು ಹಿಡಿ ಜೋಳ ಎಸೆಯುತ್ತಿದ್ದವಳು ಅವಳೇ.

ಅಷ್ಟರಲ್ಲಿ ಈ ಕಡೆಯ ಕಬ್ಬು ಮುಗಿಯಿತು. “ನಾಳೆ ಲೋಡ ಖಾಲಿ ಮಾಡಿ ಹಂಗ ನಮ್ಮೂರಿಗೆ, ಭೋಜಕ್ಕ ಹೊಂಟೀನ್ರಿ,” ಎಂದ ಭರಮು.

ಆ ಸಂಜೆ ಕಸ್ತೂರಿಯ ಕೈ ಜೋಳದ ಡಬ್ಬಿಗೆ ಹೋಗಲಿಲ್ಲ. ಹೋಗುವವರನ್ನು ಕಾಳು ಚೆಲ್ಲಿ ಹಿಡಿಯಬಾರದು ಎಂದುಕೊಂಡಳು. ಬಿಳಿ ಚುಕ್ಕೆ ಲೋಡಿನ ಕಡೆ ಒಮ್ಮೆ ಕತ್ತೆತ್ತಿ ನೋಡಿ, ತಿರುಗಿ, ತಾನಾಗಿಯೇ ಗೂಡು ಹೊಕ್ಕಿತು.

“ಕಲೀತು ನೋಡ್ರಿ,” ಎಂದಳು. ಗೂಡಿನ ಕದ ಹಾಕಿದಳು.

“ಇವತ್ತ ಜೋಳ ಚೆಲ್ಲಿಲ್ಲಲ್ರಿ.”

ಕಸ್ತೂರಿಗೆ ನಿಂತ ನೆಲ ಬಾಯಿ ತೆರೆಯಬಾರದೇ ಅನಿಸಿತು. “ನಿಮಗ ಗೊತ್ತಿತ್ತೇನ್ರಿ?”

“ಹಗ್ಗ ಬಿಗಿಯೂವಾಗ ಕಬ್ಬಿನ ಮ್ಯಾಲ ಕಾಳು ದಿನಾ ಕಾಣತಿದ್ವು. ಹೇಳಿದ್ರ ನೀವು ಚೆಲ್ಲೂದು ಬಿಡತೀರಂತ ಸುಮ್ಮನಿದ್ದೆ.”

ಆಕೆಗೆ ಕಣ್ಣು ತುಂಬಿ ಬಂತು. “ಎಲ್ಲಾರೂ ನನ್ನ ನೋಡಿ ಪಾಪ ಅಂದ್ರು. ನೀವು ಪಾಪ ಅನ್ನಲಿಲ್ಲ, ಜೋಡಿ ನಿಂತು ಕೆಲಸಾ ಮಾಡಿದ್ರಿ. ದೊಡ್ಡ ಉಪಕಾರ ಆತ್ರಿ.”

“ಬರೇ ಉಪಕಾರ ಅಷ್ಟ ಏನ್ರಿ?”

“ಅಲ್ಲ.” ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. “ನೀವು ಬರದಿದ್ರ ಸಂಜೀನ ಆಗಬಾರದು ಅನಸತೈತಿ. ಆದ್ರ ಅತ್ತೀನ ಬಿಟ್ಟು ನಾ ಎಲ್ಲೂ ಬರಾಂಗಿಲ್ಲ.”

“ಬಿಡು ಅಂತ ಯಾರು ಅಂದಾರ?”

ಮಾತು ಬಂದದ್ದು ಬಾಗಿಲಿನಿಂದ. ತಾರವ್ವ ಖಾಲಿ ಡಬ್ಬಿ ಹಿಡಿದು ನಿಂತಿದ್ದಳು. “ಜೋಳ ಕೋಳಿ ತಿಂದ್ವೋ ಕಬ್ಬು ತಿಂತೋ ಅಂತ ನೋಡಾಕತ್ತಿದ್ದೆ. ತಮ್ಮಾ, ಭೋಜದಿಂದ ನಿಮ್ಮವ್ವನ್ನ ಕರಕೊಂಡ ಬಾ, ಈಕಿಗೆ ಇನ್ನೊಮ್ಮೆ ತಾಳಿ ಕಟ್ಟೂ ಉಡಿಕಿ ಮದುವಿ ಮಾತಾಡೂನು. ಆದ್ರ ನಿನ್ನ ಗಾಡಿ ಇದ ಬೇವಿನ ಗಿಡದ ಕೆಳಗ ನಿಲ್ಲಬೇಕು. ನಾ ಸೊಸೀನ ಕಳಸಾಕಿ ಅಲ್ಲ, ಅಳಿಯನ್ನ ತಂದ್ಕೊಳ್ಳಾಕಿ.”

“ಅವ್ವ ಹೂಂ ಅಂತಾಳ್ರಿ,” ಎಂದ ಭರಮು. “ಆ ಕೋಳಿ ಕತಿ ಫೋನಿನ್ಯಾಗ ಕೇಳಿದಾಗಿಂದ ನಿಮ್ಮೂರಿಗೆ ಯಾವಾಗ ಕರಕೊಂಡು ಹೋಗ್ತಿ ಅಂತ ಬೆನ್ನ ಹತ್ಯಾಳ.”

ಕಸ್ತೂರಿ ಅತ್ತೆಯ ಕಾಲಿಗೆರಗಿದಳು. ಕೃತಜ್ಞತೆಗೆ ಮಾತು ಹೊಂದಿಸಲು ಹೋದವಳಿಗೆ ಅಳುವೇ ಬಂತು. ತಾರವ್ವ ಆಕೆಯನ್ನು ಎಬ್ಬಿಸಿ ಸೆರಗಿನಿಂದ ಕಣ್ಣು ಒರೆಸಿದಳು. “ಏಳವ್ವಾ, ಮೂರು ತಾಟು ಹಚ್ಚೀನಿ, ರೊಟ್ಟಿ ಆರತಾವ.”

ಇಷ್ಟು ದಿನ ಕಟ್ಟೆಯ ಮೇಲೆಯೇ ಚಹಾ ಕುಡಿದು ಹೋಗುತ್ತಿದ್ದ ಭರಮು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಾಚಿಕೊಂಡು ನಿಂತ.

“ಕಸ್ತೂರಿ,” ಎಂದಳು ತಾರವ್ವ ಒಳಗಿನಿಂದ, “ಇವನನ್ನೂ ಹಿಡದ ಒಳಗ ಬಿಡಬೇಕೇನು?”

ಕಸ್ತೂರಿ ಕೈ ಚಾಚಿದಳು. ಭರಮು ಹಿಡಿದುಕೊಂಡ. ಈ ಸಲ ನಡುವೆ ಕೋಳಿಯಿರಲಿಲ್ಲ.