ನಾನೂರು ಸನ್ನೆಗಳ ಕಳವು

ಮಂಗಳವಾರ ಬೆಳಗ್ಗೆ ಟೀಚರ್ ಕಂಪ್ಯೂಟರ್ ತೆರೆದರು. ಅಣ್ಣನ ನಿಘಂಟು ಮಾಯ!

ಅಣ್ಣನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಚಿಕ್ಕಂದಿನಲ್ಲೇ ಅಣ್ಣ ತಂಗಿ ಸೇರಿ ತಮ್ಮದೇ ಒಂದು ಕೈಸನ್ನೆಯ ಭಾಷೆ ಕಟ್ಟಿಕೊಂಡಿದ್ದರು. ಸನ್ನೆಗೊಂದು ವಿಡಿಯೊ, ಎಲ್ಲವನ್ನೂ ಅಣ್ಣ ತಾನೇ ಬರೆದ ಪ್ರೋಗ್ರಾಮಿನೊಳಗೆ ತುಂಬಿಟ್ಟಿದ್ದ. ಎಂಟು ತಿಂಗಳ ಹಿಂದೆ ಅವನು ತೀರಿಕೊಂಡ. ಈಗ ಆ ಭಾಷೆ ಬಲ್ಲವರು ನಿವೃತ್ತ ಟೀಚರ್ ಒಬ್ಬರೇ. ದಿನವೂ ಆ ವಿಡಿಯೊಗಳ ಮುಂದೆ ಕೂತು, ಪರದೆಯ ಅಣ್ಣನಿಗೆ ಕೈಯಲ್ಲೇ ಉತ್ತರ ಕೊಡುತ್ತಿದ್ದರು.

“ಯಾರೋ ಬೇಕಂತಲೇ ಅಳಿಸಿದ್ದಾರೆ,” ಎಂದರು, ಬಂದ ಕಂಪ್ಯೂಟರ್ ರಿಪೇರಿಯವರಿಗೆ.

“ಈಚೆಗೆ ಇದನ್ನ ಯಾರ್ಯಾರು ಮುಟ್ಟಿದ್ರು?”

“ನಿನ್ನೆ ಮಹಡಿ ಮೇಲಿನ ಬಾಡಿಗೆಯವರು ಒಂದು ಅರ್ಜಿ ಪ್ರಿಂಟ್ ಮಾಡ್ಕೊಂಡ್ರು. ನಾನು ಪಕ್ಕದಲ್ಲೇ ನಿಂತಿದ್ದೆ.”

“ಅದಕ್ಕೂ ಮುಂಚೆ?”

ಟೀಚರ್ ಮುಖ ಬಿಗಿಯಾಯಿತು. “ಭಾನುವಾರ ಅತ್ತಿಗೆ ಬಂದಿದ್ರು. ಅಣ್ಣ ಹೋದ ಮೇಲೆ ಬೇರೆ ಕಡೆ ಕೋಣೆ ಮಾಡ್ಕೊಂಡಿದ್ದಾರೆ. ನಾನು ಅಂಗಡಿಗೆ ಹೋಗಿ ಬರೋ ತನಕ ಒಬ್ರೇ ಇದ್ರು.”

“ಅವರಿಗೇನು ದ್ವೇಷ?”

“ಹನ್ನೆರಡು ವರ್ಷ ಚೀಟಿ ಬರ್ಕೊಂಡೇ ಸಂಸಾರ ಮಾಡಿದ್ರು. ನಾವಿಬ್ರು ಕೈಯಲ್ಲಿ ಮಾತಾಡ್ತಿದ್ರೆ ಎದ್ದು ಒಳಗೆ ಹೋಗೋರು. ಅವರಿಗದು ಕಂಡ್ರೆ ಆಗ್ತಿರ್ಲಿಲ್ಲ.”

“ನೀವ್ಯಾರೂ ಅವರಿಗೆ ಕಲಿಸಲಿಲ್ವಾ?”

ಟೀಚರ್ ಕೀಬೋರ್ಡಿನ ಧೂಳು ಒರೆಸತೊಡಗಿದರು.

“ಕಂಪ್ಯೂಟರ್ ನಿಧಾನ ಆಗಿದ್ಯಾ?”

“ಎರಡು ದಿನದಿಂದ ಆಮೆ ಥರ. ನಿನ್ನೆ ಬೇಜಾರಾಗಿ ವಿಡಿಯೊ ತೆರೆಯಲೇ ಇಲ್ಲ. ಹಳೇದಲ್ವಾ, ಬಿಡಿ! ಅಳಿಸಿದ್ದು ಯಾರು ಹೇಳಿ.”

“ಕಾಪಿ?”

“ತಿಂಗಳು ತಿಂಗಳು ಮಾಡ್ತೀನಿ,” ಎಂದು ಪೆನ್‌ಡ್ರೈವ್ ಕೊಟ್ಟರು. ತೆರೆದರೆ ಒಂದೇ ಒಂದು ಚಿತ್ರ, ಮೂಲೆಯಲ್ಲಿ ಬಾಗಿದ ಬಾಣ.

“ಇದು ಬರೀ ಶಾರ್ಟ್‌ಕಟ್, ಟೀಚರ್. ಬಾಗಿಲ ಮೇಲಿನ ಹೆಸರುಫಲಕ ಬಿಚ್ಚಿ ತಂದಿದ್ದೀರಿ. ಮನೆ ಅಲ್ಲೇ ಉಳೀತು.” ಕನ್ನಡಕ ಏರಿಸಿಕೊಂಡು ಕಂಪ್ಯೂಟರಿನಲ್ಲಿ ಭಾನುವಾರದ ದಾಖಲೆ ನೋಡಿದರು. “ಅತ್ತಿಗೆಯವರನ್ನ ಕರೆಸಿ.”

ಒಂದು ಗಂಟೆಯಲ್ಲಿ ಅತ್ತಿಗೆ ಬಂದರು. ಚೀಲವನ್ನು ಎದೆಗೆ ಒತ್ತಿಕೊಂಡು ಹೊಸ್ತಿಲಲ್ಲೇ ನಿಂತರು.

“ಭಾನುವಾರ ನಾಲ್ಕು ಗಂಟೆಗೆ ಇದರೊಳಗೆ ಏನು ಹಾಕಿದ್ರಿ, ಅಮ್ಮಾ?”

“ಆಂಟಿವೈರಸ್ಸು... ‘ಅವಧಿ ಮುಗಿದಿದೆ, ಫೈಲುಗಳು ಅಪಾಯದಲ್ಲಿವೆ’ ಅಂತ ಕೆಂಪಗೆ ಬಂತು. ನಮ್ಮವರ ವಿಡಿಯೊಗೆ ಏನಾದ್ರೂ ಆದ್ರೆ ಅಂತ ಹೆದರಿ, ಪುಕ್ಕಟೆ ಸಿಕ್ಕಿದ್ದೊಂದು ಹಾಕ್ದೆ. ಯಾಕೆ — ತಪ್ಪಾಯ್ತಾ?”

ರಿಪೇರಿಯವರು ಪರದೆಯ ಮೂಲೆಯಲ್ಲಿ, ಗಡಿಯಾರದ ಪಕ್ಕ ಬೆರಳಿಟ್ಟರು. “ಗುರಾಣಿ ಚಿತ್ರ ಎರಡಿವೆ, ನೋಡಿ. ಅಂದ್ರೆ ಎರಡು ಆಂಟಿವೈರಸ್. ಅವಧಿ ಮುಗಿದ್ರೂ ಹಳೇದು ಸತ್ತಿರ್ಲಿಲ್ಲ. ಒಂದೇ ಒರೆಯಲ್ಲಿ ಎರಡು ಕತ್ತಿ! ಅವುಗಳ ಗುದ್ದಾಟಕ್ಕೇ ಕಂಪ್ಯೂಟರ್ ಆಮೆಯಾಗಿದ್ದು. ನಿಮ್ಮಣ್ಣನ ಪ್ರೋಗ್ರಾಂ ಲೋಕದಲ್ಲಿ ಬೇರೆಲ್ಲೂ ಇಲ್ಲ. ಹೊಸದಕ್ಕೆ ಗುರುತು ಸಿಗಲಿಲ್ಲ, ಅನುಮಾನಪಟ್ಟು ಹಿಡಿದು ತನ್ನ ಕೋಣೇಲಿ ಕೂಡಿಹಾಕ್ತು. ಹಳೇದು ಆ ಕೋಣೇನ ವೈರಸ್ ಗೂಡು ಅಂದ್ಕೊಂಡು ಒರೆಸಿಬಿಡ್ತು. ಕೈ ಅತ್ತಿಗೆಯವರದೇ, ಟೀಚರ್. ಆದ್ರೆ ಅವರು ಹೊರಟಿದ್ದು ಕಾವಲಿಗೆ, ಕಳವಿಗಲ್ಲ.”

ಅವರು ಟೀಚರ್ ಕಡೆ ತಿರುಗಿದರು.

“ಹೋದ ವರ್ಷ ನಿಮ್ಮಣ್ಣ ನನಗೊಂದು ಚೀಟಿ ಬರೆದುಕೊಟ್ಟಿದ್ರು — ‘ಇಡೀ ಕಂಪ್ಯೂಟರನ್ನೇ ಕಾಪಿ ಮಾಡಿ, ಏನೂ ಬಿಡಬೇಡಿ.’ ಮಾಡಿಕೊಟ್ಟೆ. ಆ ಡಿಸ್ಕ್ ಎಲ್ಲಿ?”

ಟೀಚರ್‌ಗೆ ಗೊತ್ತಿರಲಿಲ್ಲ.

“ನನ್ನ ಹತ್ರ ಇದೆ,” ಎಂದರು ಅತ್ತಿಗೆ ಮೆಲ್ಲಗೆ. “ಜೋಪಾನ ಅಂತ ಅವರೇ ಕೊಟ್ಟಿದ್ರು.”

ರಿಪೇರಿಯವರು ಒಂದು ಗುರಾಣಿಯನ್ನು ಕಿತ್ತುಹಾಕಿ, ಆ ಡಿಸ್ಕಿನಿಂದ ನಾನೂರು ಸನ್ನೆಗಳನ್ನು ಸಂಜೆಯೊಳಗೆ ಮರಳಿಸಿ ಹೊರಟರು. ಅಣ್ಣ ಹೋದ ಮೇಲೆ ಟೀಚರ್ ಒಬ್ಬರೇ ಸೇರಿಸಿದ್ದ ಒಂಬತ್ತು ಮಾತ್ರ ಹೋಗೇ ಹೋದವು. ಟೀಚರ್ ಅವುಗಳನ್ನು ಕಾಗದದಲ್ಲಿ ಪಟ್ಟಿ ಮಾಡಿದರು. ಎಂಟು ನೆನಪಾದವು. ಒಂಬತ್ತನೆಯದು? ಏನು ಮಾಡಿದರೂ ಬರಲೊಲ್ಲದು.

“ಭಾನುವಾರ ಒಬ್ರೇ ಕೂತು ಏನ್ ನೋಡ್ತಿದ್ರಿ, ಅತ್ತಿಗೆ?”

“ಕಲೀತಿದ್ದೆ. ಪ್ರತಿ ಭಾನುವಾರ, ನೀನು ಹೊರಗೆ ಹೋದಾಗ. ಈಗ ಕಲಿತು ಯಾರ ಹತ್ರ ಮಾತಾಡ್ತೀರಿ ಅಂತ ನೀನು ನಕ್ಕುಬಿಟ್ರೆ ಅಂತ ಹೇಳಲಿಲ್ಲ.”

ಅತ್ತಿಗೆ ಒಂದು ಬೆರಳಿನಿಂದ ಮುಂಗೂದಲನ್ನು ಕಿವಿಯ ಹಿಂದಕ್ಕೆ ಸರಿಸಿದರು.

“ಒಂಬತ್ತನೇದು ಇದು. ಕೆಳಗೆ ‘ಅತ್ತಿಗೆ’ ಅಂತಿತ್ತು. ಇಷ್ಟು ವರ್ಷ ನನ್ನ ಹೀಗೆ ಕರೀತಿದ್ರಾ, ನೀವಿಬ್ರೂ?”

“ಮದುವೆ ದಿನ ಅಣ್ಣ ಇಟ್ಟ ಹೆಸರು,” ಎಂದರು ಟೀಚರ್. ಕ್ಯಾಮೆರಾವನ್ನು ಅತ್ತಿಗೆಯ ಕಡೆ ತಿರುಗಿಸಿದರು. “ಒಂದು ಬೆರಳಲ್ಲ, ಎರಡು. ಇನ್ನೊಂದ್ಸಲ ಮಾಡಿ.”