ಎರಡು ಬೆರಳು ಎತ್ತರ

"ಟ್ರಕ್ಕಿನ ನಟ್ಟು ಸಡಿಲ ಮಾಡಿದ್ದು ನನ್ನ ಗಂಡನೇ ಅಂತ ತಮ್ಮ ಹೇಳ್ತಿದಾನೆ. ಇವರು ಬಾಯೇ ಬಿಡಲ್ಲ. ಇವತ್ತು ಸಂಜೆ ಐದಕ್ಕೆ ತಮ್ಮ ಪೊಲೀಸರಿಗೆ ದೂರು ಕೊಡ್ತಾನಂತೆ. ನೀವೇ ಒಂದ್ಸಲ ಬಂದು ನೋಡಿ ಅಮ್ಮಾ," ಎಂದಳು ಬಂದ ಹೆಂಗಸು. ಕುರ್ಚಿಯ ತುದಿಯಲ್ಲಿ ಕೂತು ಕೈಚೀಲದ ಹಿಡಿಯನ್ನು ತಿರುಚುತ್ತಿದ್ದಳು.

"ಏನು ನೋಡಬೇಕು? ನಿನ್ನ ಗಂಡ ಮಾಡಿಲ್ಲ ಅಂತಲೋ, ಮಾಡಿದ್ದಾನೋ ಇಲ್ಲವೋ ಅಂತಲೋ?" ಎಂದು ಕೇಳಿದರು ಬ್ರೇಕಮ್ಮ.

ಹೆಂಗಸು ತಲೆ ತಗ್ಗಿಸಿದಳು. "ಗೊತ್ತಾಗದೆ ನನಗೆ ಆ ಮನುಷ್ಯನ ಪಕ್ಕ ಕೂತು ಊಟ ಮಾಡೋಕಾಗ್ತಿಲ್ಲ."

ಬ್ರೇಕಮ್ಮ ಮೂವತ್ತು ವರ್ಷ ವಾಹನ ತಪಾಸಣೆಯ ಕಚೇರಿಯಲ್ಲಿದ್ದವರು. ಕಂಡ ಕಂಡ ಗಾಡಿಗಳಿಗೆಲ್ಲ 'ಓಡಿಸುವಂತಿಲ್ಲ' ಎಂದು ಬರೆದು ಮಾಲೀಕರ ಶಾಪ ಗಿಟ್ಟಿಸಿಕೊಂಡು, ಆ ಹೆಸರನ್ನೂ ಗಿಟ್ಟಿಸಿಕೊಂಡಿದ್ದರು. ನಿವೃತ್ತರಾದ ಮೇಲೆ ಗಾಡಿಗಳ ಬದಲು ಜನರನ್ನು ತಪಾಸಣೆ ಮಾಡುತ್ತಿದ್ದರು. ಜನರಲ್ಲಿಯೂ ಅವರ ಪರೀಕ್ಷೆಯಲ್ಲಿ ಪಾಸಾದವರು ಕಡಿಮೆ. ಜೊತೆಗೆ ಹೋಗುವವನು ಅವರ ಮೈದುನ. ಛಾಪಖಾನೆಯಲ್ಲಿ ಪ್ರೂಫ್ ತಿದ್ದಿ ನಿವೃತ್ತನಾದ ಈತನಿಗೆ ಅತ್ತಿಗೆ ಬಿಡಿಸಿದ ಪ್ರಕರಣಗಳನ್ನು ಬರೆದಿಡುವುದೇ ಈಗಿನ ಉದ್ಯೋಗ. ಮನೆಯಂಗಳದಲ್ಲಿ ಗಾಡಿ ಬಿಚ್ಚಿ ಹರಡಿಕೊಂಡು ಶೂರರಂತೆ ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆ ದಿನ ಅದು ಇನ್ನೂ ಗಟ್ಟಿಯಾಯಿತು.

ದಾರಿಯಲ್ಲಿ ಹೆಂಗಸು ಉಳಿದದ್ದನ್ನು ಹೇಳಿದಳು. ಅವಳ ತಮ್ಮನನ್ನು ಎಲ್ಲರೂ ಚಾಂಪಿಯನ್ ಎನ್ನುತ್ತಿದ್ದರು. ಯಾವ ಪಂದ್ಯವನ್ನು ಗೆದ್ದಿದ್ದನೆಂದು ಮೈದುನ ಕೇಳಿದಾಗ ಅವಳಿಗೂ ನೆನಪಾಗಲಿಲ್ಲ. ಕಲ್ಲುಮುಳ್ಳಿನ ದಾರಿಯಲ್ಲಿ ಮೋಜಿಗಾಗಿ ಸಣ್ಣ ಟ್ರಕ್ ಓಡಿಸುವವರದೊಂದು ಬಳಗವಿತ್ತು. ಅವನು ಅದರ ಸದಸ್ಯ. ಟ್ರಕ್ಕಿಗೆ ಹೊಸ ಕಮಾನು ಪಟ್ಟಿಗಳು, ಉದ್ದನೆಯ ಶಾಕ್ ಅಬ್ಸಾರ್ಬರ್‌ಗಳು, ಪಟ್ಟಿಗಳನ್ನು ಆಕ್ಸಲಿಗೆ, ಅಂದರೆ ಚಕ್ರಗಳ ಅಚ್ಚಿಗೆ, ಬಿಗಿದು ಹಿಡಿಯುವ ಹೊಸ ಯು-ಬೋಲ್ಟುಗಳು ಬೇಕೆಂದು ತಂದವನು ಚಾಂಪಿಯನ್. ಮೂರು ಭಾನುವಾರ ಅಂಗಳದಲ್ಲಿ ಅಂಗಾತ ಮಲಗಿ ಅವನ್ನು ಜೋಡಿಸಿದವನು ಅವನ ಭಾವ, ಅಂದರೆ ಈಕೆಯ ಗಂಡ. ಕಬ್ಬಿಣ ಕಡೆಯುವ ಲೇತ್ ಯಂತ್ರದ ಕೆಲಸಗಾರ, ಮದುವೆಯಾದಾಗಿನಿಂದ ಹೆಂಡತಿಯ ತಾಯಿಯ ಮನೆಯಲ್ಲೇ ಇದ್ದವನು. ಕಳೆದ ಭಾನುವಾರ ಬಳಗದ ಪಂದ್ಯದಲ್ಲಿ, ಹಳೆಯ ಕಲ್ಲುಗಣಿಯ ಇಳಿಜಾರಿನಲ್ಲಿ ಟ್ರಕ್ಕಿನ ಎಡಗಡೆ ಹಿಂದಿನ ಆಕ್ಸಲ್ ಜಾಗ ಬಿಟ್ಟು ಜಾರಿತು. ಟ್ರಕ್ ಹಳ್ಳಕ್ಕೆ ಉರುಳಿ ಚಾಂಪಿಯನ್‌ನ ಕಾಲು ಮುರಿಯಿತು.

ನುಜ್ಜುಗುಜ್ಜಾದ ಟ್ರಕ್ಕನ್ನು ಎಳೆದು ತಂದು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಶೆಡ್ಡಿಗೆ ಬಾಗಿಲೂ ಇಲ್ಲ, ಬೀಗವೂ ಇಲ್ಲ. ಲೇತಿನವನು ಅಲ್ಲೇ ಒಂದು ಡಬ್ಬದ ಮೇಲೆ ಕೂತಿದ್ದ. ಅತ್ತಿಗೆ ಅವನನ್ನು ನೋಡಿದರು, ಆಮೇಲೆ ಸರಾಗವಾಗಿ ನೆಲಕ್ಕೆ ಮಲಗಿ ಟ್ರಕ್ಕಿನ ಕೆಳಗೆ ಸರಿದರು. ಅರವತ್ತೆರಡರ ವಯಸ್ಸಿನಲ್ಲಿ ಅವರು ಹಾಗೆ ಮಲಗಿದಾಗಲೆಲ್ಲ ಮೈದುನ ಆಸರೆ ಕೊಡಲು ಬಾಗುತ್ತಿದ್ದ.

"ಬಲಗಡೆ ನಟ್ಟಿನ ಮೇಲೆ ಹಳದಿ ಬಣ್ಣದ ಗೆರೆ ಇದೆಯಲ್ಲ, ಅದೇನಪ್ಪಾ?"

"ನಾನೇ ಎಳೆದಿದ್ದು. ಬಿಗಿ ಮಾಡಿ ಮುಗಿಸಿದ ಮೇಲೆ ನಟ್ಟಿಂದ ಬೋಲ್ಟಿನ ತಿರುಪು ಮರೆ ಮೇಲಕ್ಕೂ ಒಂದು ಗೆರೆ ಎಳೀತೀನಿ. ನಟ್ಟು ಅಲ್ಲಾಡಿದ್ರೆ ಗೆರೆ ಮುರಿಯುತ್ತೆ, ನೋಡಿದ ತಕ್ಷಣ ಗೊತ್ತಾಗುತ್ತೆ."

"ಎಡಗಡೆಗೂ ಎಳೆದಿದ್ಯಾ?"

"ನಾಲ್ಕಕ್ಕೆ ನಾಲ್ಕೂ. ನಾನು ಬಿಗಿ ಮಾಡಿದ್ದೆ. ಅದಕ್ಕಿಂತ ಹೆಚ್ಚಿಗೆ ಹೇಳೋಕೆ ಏನಿದೆ?" ಎಂದು ಅವನು ಮುಖ ಆಚೆ ತಿರುಗಿಸಿದ.

ಅತ್ತಿಗೆ ಮೈದುನನನ್ನು ಕರೆದು ಟಾರ್ಚ್ ಹಿಡಿಸಿದರು. ಎಡಗಡೆಯ ಯು-ಬೋಲ್ಟುಗಳಲ್ಲಿ ನಟ್ಟುಗಳಿರಲಿಲ್ಲ. ಅವು ಹಳ್ಳದಲ್ಲೇ ಎಲ್ಲೋ ಹಾರಿಹೋಗಿದ್ದವು. ಬೋಲ್ಟಿನ ಕಟ್ಟಕಡೆಯ ನಾಲ್ಕು ಸುತ್ತು ಮರೆಗಳು ಸವೆದು ಚಪ್ಪಟೆಯಾಗಿದ್ದವು. ಅದಕ್ಕಿಂತ ಒಳಗಿನ ಮರೆಗಳು ಅಂಗಡಿಯಿಂದ ತಂದಾಗಿನಷ್ಟೇ ಚೂಪಾಗಿದ್ದವು. ತುದಿಯಿಂದ ಎರಡು ಬೆರಳು ಒಳಗೆ ಒಂದು ಹಳದಿ ಚುಕ್ಕೆ ಕಂಡಿತು. ಆಕ್ಸಲಿನ ಮೇಲೆ ಪಟ್ಟಿ ಕೂರುವ ಚಪ್ಪಟೆ ಜಾಗದ ನಡುತೂತಿನಲ್ಲಿ ಕಂದು ಬಣ್ಣದ ನಾರು ಮೆತ್ತಿಕೊಂಡಿತ್ತು.

"ಹಳ್ಳದಲ್ಲಿ ಯಾವುದೋ ಕೊಂಬೆ ಚುಚ್ಚಿರಬೇಕು," ಎಂದ ಮೈದುನ.

"ಕೊಂಬೆಗೆ ಪಾಲಿಶ್ ಹಚ್ಚಿರ್ತಾರೇನೋ?" ಎಂದು ಅತ್ತಿಗೆ ನಾರನ್ನು ಉಗುರಿನಿಂದ ಕೆದಕಿ ಕಾಗದದಲ್ಲಿ ಮಡಚಿಟ್ಟರು. ಮೈದುನ ನಾಲಿಗೆ ಕಚ್ಚಿಕೊಂಡ.

ಅಷ್ಟರಲ್ಲಿ ಎದುರುಮನೆಯ ದಂತವೈದ್ಯ ತಾನಾಗಿಯೇ ಬಂದ. ಅವನೂ ಅದೇ ಬಳಗದವನು, ಅವನದೂ ಅಂಥದೇ ಟ್ರಕ್. ಪಕ್ಕದವನ ಗಾಡಿ ಮುರಿದುಬಿದ್ದ ಖುಷಿಯನ್ನು ದುಃಖದ ಮುಖ ಮಾಡಿ ಮುಚ್ಚಿಕೊಳ್ಳಲು ಹೆಣಗುತ್ತಿದ್ದ. ಮೈದುನನಿಗೆ ಅವನ ಹಲ್ಲುಗಳೂ ಹಿಡಿಸಲಿಲ್ಲ.

"ನಾನು ಮೊದಲೇ ಹೇಳಿದ್ದೆ," ಎಂದು ಅವನು ಫೋನು ತೆಗೆದ. "ಇದು ಜೋಡಣೆ ಮುಗಿದ ದಿನ ತೆಗೆದ ಫೋಟೋ. ಗಾಡಿ ಎಡಕ್ಕೆ ವಾಲಿದೆ ನೋಡಿ! 'ಏನಪ್ಪಾ ಚಾಂಪಿಯನ್, ನಿನ್ನ ಗಾಡಿಗೆ ಒಂದು ಕಾಲು ಗಿಡ್ಡವಾ?' ಅಂತ ಬಳಗದವರೆಲ್ಲರ ಮುಂದೆ ಕೇಳಿದೆ. ಎಲ್ಲರೂ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕರು."

"ತೈಲದ ಟ್ಯಾಂಕು, ಬ್ಯಾಟರಿ ಎರಡೂ ಎಡಗಡೆಗೇ ಇದೆ," ಎಂದ ಲೇತಿನವನು. "ಒಂದು ತಿಂಗಳು ಓಡಲಿ, ಪಟ್ಟಿ ಕೂತ್ಕೊಳ್ಳಲಿ, ಆಮೇಲೆ ಸರಿ ಮಾಡ್ತೀನಿ ಅಂದಿದ್ದೆ."

"ಪಂದ್ಯದ ದಿನದ ಫೋಟೋ ಇದೆಯಾ?" ಎಂದರು ಅತ್ತಿಗೆ.

ಇತ್ತು. ಭಾನುವಾರ ಬೆಳಿಗ್ಗೆ ಸಾಲಾಗಿ ನಿಂತ ಟ್ರಕ್ಕುಗಳ ನಡುವೆ ಚಾಂಪಿಯನ್‌ನ ಟ್ರಕ್ಕೂ ನಿಂತಿತ್ತು. ಅತ್ತಿಗೆ ಎರಡೂ ಫೋಟೋಗಳನ್ನು ಬಹಳ ಹೊತ್ತು ನೋಡಿ, ಮೈದುನನಿಗೂ ತೋರಿಸಿ ಫೋನನ್ನು ಹಿಂದಿರುಗಿಸಿದರು.

ಆಮೇಲೆ ಮನೆಯೊಳಗೆ ಹೋದರು. ಮುಂದಿನ ಕೋಣೆಯಲ್ಲಿ ಹೆಂಗಸಿನ ತಾಯಿಯಿದ್ದರು, ಮಂಡಿನೋವಿನವರು. ಬಗ್ಗಿ ಏಳುವುದು ಕಷ್ಟವೆಂದು ಅಳಿಯ ಅವರ ಮಂಚದ ಕಾಲುಗಳ ಕೆಳಗೆ ಪಾಲಿಶ್ ಹಚ್ಚಿದ ಮರದ ಚೌಕಗಳನ್ನು ಇಟ್ಟುಕೊಟ್ಟಿದ್ದ. ಮೂರು ಕಾಲುಗಳ ಕೆಳಗೆ ಆ ಚೌಕಗಳಿದ್ದವು, ನಾಲ್ಕನೆಯದರ ಕೆಳಗೆ ಟ್ರಕ್ಕುಗಳ ಬಗೆಗಿನ ಪತ್ರಿಕೆಗಳ ಕಟ್ಟು. ಮುದುಕಿ ಮಾತಾಡಲು ಹೊರಳಿದಾಗಲೆಲ್ಲ ಮಂಚ ಕುಂಟುತ್ತಿತ್ತು.

"ಪಂದ್ಯದ ಹಿಂದಿನ ದಿನ, ಶನಿವಾರ, ಶೆಡ್ಡಿನಲ್ಲಿ ಯಾರಾದರೂ ಇದ್ದರಾ?"

"ನನಗೇನು ಗೊತ್ತಮ್ಮಾ? ಅಳಿಯ ಬೆಳಿಗ್ಗೇನೇ ಕೆಲಸಕ್ಕೆ ಹೋದ, ಮಗಳು ಅವಳ ಸ್ನೇಹಿತೆ ಮನೆಗೆ ಹೋದಳು. ನಾನು ಈ ಮಂಚ ಬಿಟ್ಟು ಏಳಲೇ ಇಲ್ಲ."

ಒಳಕೋಣೆಯಲ್ಲಿ ಚಾಂಪಿಯನ್ ಪ್ಲಾಸ್ಟರ್ ಹಾಕಿದ ಕಾಲನ್ನು ಮೂರು ದಿಂಬುಗಳ ಮೇಲೇರಿಸಿ ಒರಗಿದ್ದ. ದೂರಿನ ಕಾಗದ ಪಕ್ಕದಲ್ಲೇ ಇತ್ತು.

"ಭಾವನಿಗೆ ನನ್ನ ಕಂಡರೆ ಹೊಟ್ಟೆಕಿಚ್ಚು," ಎಂದ. "ಮೂವತ್ತೈದು ವರ್ಷ ಈ ಮನೆಯವರು ನನ್ನನ್ನ ತಲೆ ಮೇಲೆ ಕೂರಿಸ್ಕೊಂಡಿದಾರೆ, ಅದು ಅವನಿಗೆ ಸಹಿಸೋಕಾಗಲ್ಲ. ನಟ್ಟು ಸಡಿಲ ಬಿಟ್ಟ. ಅಷ್ಟೇ. ಆ ಗಾಡಿ ಕೆಳಗೆ ನಾನು ಒಂದು ಸಲಾನೂ ಮಲಗಿಲ್ಲ."

"ಅದನ್ನು ನಂಬ್ತೀನಿ. ನಿನ್ನ ಕೈ ನೋಡಿದ್ರೆ ಗೊತ್ತಾಗುತ್ತೆ," ಎಂದರು ಅತ್ತಿಗೆ.

ಅದು ಹೊಗಳಿಕೆಯೆಂದುಕೊಂಡು ಅವನು ನಕ್ಕ.

ನಾಲ್ಕು ಗಂಟೆಗೆ ಅತ್ತಿಗೆ ಎಲ್ಲರನ್ನೂ ಆ ಕೋಣೆಗೇ ಕರೆಸಿದರು. ತಾಯಿಗೆ ಕುರ್ಚಿ ಹಾಕಿಸಿದರು. ಚಾಂಪಿಯನ್‌ನ ಅಕ್ಕ ಬಾಗಿಲಿಗೆ ಒರಗಿದಳು, ಲೇತಿನವನು ಗೋಡೆಗೆ. ದಂತವೈದ್ಯನನ್ನು ಯಾರೂ ಕರೆದಿರಲಿಲ್ಲ; ಆದರೂ ಒಳ್ಳೆಯ ಜಾಗ ಹಿಡಿದು ಕೂತ.

"ಎಲ್ಲರೂ ಒಂದೇ ಮಾತು ಹೇಳ್ತಿದೀರಿ, ನಟ್ಟು ಸಡಿಲ ಇತ್ತು ಅಂತ," ಎಂದು ಅತ್ತಿಗೆ ಶುರುಮಾಡಿದರು. "ನಟ್ಟು ಸಡಿಲ ಇರಲಿಲ್ಲ."

"ಮತ್ತೆ ಹಾರಿಹೋಗಿದ್ದು?" ಎಂದು ಚಾಂಪಿಯನ್ ಅರ್ಧ ಎದ್ದ.

"ಬಿಗಿಯಾಗೇ ಇತ್ತು, ಹಿಡಿದುಕೊಳ್ಳೋಕೆ ಬೋಲ್ಟು ಸಾಲಲಿಲ್ಲ. ಸಡಿಲವಾದ ನಟ್ಟು ತಿರುಗಿ ತಿರುಗಿ ಬೀಳುತ್ತೆ, ಮರೆ ಹಾಳಾಗಲ್ಲ. ಇಲ್ಲಿ ತುದಿಯ ನಾಲ್ಕು ಸುತ್ತು ಕಿತ್ತುಬಂದಿವೆ. ಅಂದ್ರೆ ನಟ್ಟು ಆ ನಾಲ್ಕು ಸುತ್ತಿಗೆ ಮಾತ್ರ ಜೋತುಬಿದ್ದಿತ್ತು. ಲೇತಿನವನು ಬಿಗಿ ಮಾಡಿದ್ದು ಅಲ್ಲಲ್ಲ, ಎರಡು ಬೆರಳು ಒಳಗೆ. ಅವನ ಹಳದಿ ಚುಕ್ಕೆ ಇನ್ನೂ ಅಲ್ಲೇ ಇದೆ. ಅವನ ಕೆಲಸ ಆದ ಮೇಲೆ ಯಾರೋ ನಟ್ಟು ಬಿಚ್ಚಿ, ಆಕ್ಸಲಿಗೂ ಪಟ್ಟಿಗೂ ಮಧ್ಯೆ ಎರಡು ಬೆರಳು ದಪ್ಪದ ಏನನ್ನೋ ತುರುಕಿ, ಅದೇ ಬೋಲ್ಟನ್ನ ಎಳೆದೆಳೆದು ಬಿಗಿ ಮಾಡಿದಾರೆ."

"ತುರುಕೋದು ಯಾಕೆ?" ಎಂದಳು ಅಕ್ಕ.

"ಫೋಟೋ ನೋಡು. ಜೋಡಿಸಿದ ದಿನ ಗಾಡಿ ಎಡಕ್ಕೆ ವಾಲಿತ್ತು. ಪಂದ್ಯದ ದಿನ ನೆಟ್ಟಗಿತ್ತು. ಒಂದು ವಾರದಲ್ಲಿ ಗಾಡಿ ತಾನಾಗೇ ಬೆಳೆಯಲ್ಲ. ಯಾರಿಗೆ ಅದನ್ನ ನೆಟ್ಟಗೆ ಮಾಡೋ ಆಸೆ? ಈ ಡಾಕ್ಟರಿಗಂತೂ ಅಲ್ಲ, ಸೊಟ್ಟ ಇದ್ದಷ್ಟೂ ಇವರಿಗೆ ಹಬ್ಬ. ಲೇತಿನವನಿಗಾ? ಅವನು ಮಾಡೋದಾದ್ರೆ ಕಬ್ಬಿಣ ಕಡೆದು ಹಾಕಿ, ಉದ್ದನೆ ಬೋಲ್ಟು ಹಾಕ್ತಿದ್ದ. ಮರ ತುರುಕೋಕೆ ಅವನಿಗೇನು ಹುಚ್ಚಾ?" ಅತ್ತಿಗೆ ಕಾಗದ ಬಿಚ್ಚಿ ನಾರನ್ನು ತೋರಿಸಿದರು. "ಪಾಲಿಶ್ ಹಚ್ಚಿದ ಮರ. ಅಷ್ಟು ಭಾರದ ಕೆಳಗೆ ಪುಡಿಯಾಯ್ತು, ಬೋಲ್ಟು ಸಡಿಲಾಯ್ತು, ನಾಲ್ಕು ಸುತ್ತು ಕಿತ್ತುಬಂತು. ಇಷ್ಟೇ ಕತೆ. ಅಮ್ಮಾ, ನಿಮ್ಮ ಮಂಚದ ನಾಲ್ಕನೇ ಚೌಕ ಎಲ್ಲಿ?"

ತಾಯಿ ಮಂಡಿ ಉಜ್ಜಿಕೊಂಡರು.

"ಮಂಚ ಬಿಟ್ಟು ಏಳಲೇ ಇಲ್ಲ ಅಂದ್ರಿ. ಮಲಗಿದವರ ಮಂಚದ ಕಾಲೆತ್ತಿ ಚೌಕ ತೆಗೆದು ಪತ್ರಿಕೆ ಕಟ್ಟು ಇಟ್ಟರೆ ನಿಮಗೆ ಗೊತ್ತಾಗಲ್ವಾ?"

"ಒಂದು ನಿಮಿಷ ಎದ್ದಿರಮ್ಮ ಅಂದ," ಎಂದರು ತಾಯಿ ಕೊನೆಗೆ. "ಎದ್ದೆ. ಪಾಪ, ಎಲ್ಲರೂ ನಗ್ತಾರೆ ಅಂತ ಮೂರು ದಿನ ಊಟ ಸರಿಯಾಗಿ ಮಾಡಿರಲಿಲ್ಲ ಅವನು."

ಮಗ ಅಳಿಯನ ಮೇಲೆ ಗೂಬೆ ಕೂರಿಸುವಾಗ ಈ 'ಪಾಪ' ಎಲ್ಲಿಗೆ ಹೋಗಿತ್ತೋ ಎಂದುಕೊಂಡ ಮೈದುನ. ಅವನಿಗೆ ಆ ಮುದುಕಿಯ ಮೇಲೆ ಬಂದಷ್ಟು ಸಿಟ್ಟು ಮಗನ ಮೇಲೂ ಬರಲಿಲ್ಲ. ಮಗ ಬರೀ ಅಸಹ್ಯ ಹುಟ್ಟಿಸಿದ.

"ಗಾಡಿ ಕೆಳಗೆ ಮಲಗಿಲ್ಲ ಅಂದೆಯಲ್ಲ, ನಿಜ. ಜಾಕ್ ಹಾಕಿ ಎತ್ತಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತುರುಕಿದೆ," ಎಂದರು ಅತ್ತಿಗೆ ಚಾಂಪಿಯನ್‌ಗೆ. "ಕೆಳಗೆ ಮಲಗಿ ನೋಡೋ ಅಭ್ಯಾಸ ಇದ್ದಿದ್ರೆ ಹಳದಿ ಚುಕ್ಕೆ ಕಣ್ಣಿಗೆ ಬೀಳ್ತಿತ್ತು, ಒರೆಸ್ತಿದ್ದೆ."

ಚಾಂಪಿಯನ್‌ನ ಮುಖ ಕೆಂಪಾಯಿತು. ಆದರೂ ಆ ಮಹಾನುಭಾವನ ಬಾಯಿ ನಿಲ್ಲಲಿಲ್ಲ. "ಹೊರಡೋ ಮುಂಚೆ ಭಾವ ಒಂದ್ಸಲ ನೋಡ್ಬೇಕಿತ್ತು. ಜೋಡಿಸಿದವನು ಅವನು ತಾನೇ? ಜವಾಬ್ದಾರಿ ಬೇಡ್ವಾ?"

ದಂತವೈದ್ಯ ಕಿಸಕ್ಕನೆ ನಕ್ಕ. ಅತ್ತಿಗೆ ತಿರುಗಿ ನೋಡಿದ ನೋಟಕ್ಕೆ ನಗು ಅರ್ಧಕ್ಕೇ ನಿಂತಿತು, ಅವನು ಎದ್ದು ಮನೆಗೆ ಹೋದ. ದೂರಿನ ಕಾಗದವನ್ನು ಮೈದುನನೇ ತೆಗೆದುಕೊಂಡು ನಾಲ್ಕಾಗಿ ಹರಿದ. ಯಾರೂ ಬೇಡವೆನ್ನಲಿಲ್ಲ.

ಲೇತಿನವನಿಗೆ ಮಾತ್ರ ಇದಾವುದರಲ್ಲೂ ಆಸಕ್ತಿ ಇದ್ದಂತಿರಲಿಲ್ಲ. ಚೌಕದ ವಿಷಯ ಅವನಿಗೆ ಮೊದಲೇ ತಿಳಿದಿತ್ತೆಂದು ಮೈದುನನಿಗೆ ಆಗ ಹೊಳೆಯಿತು. ತಾನೇ ಇಟ್ಟ ಚೌಕ ಕಾಣೆಯಾದದ್ದನ್ನು ಕಂಡೂ, ಹೆಂಡತಿ ತಾನಾಗಿಯೇ ನಂಬುತ್ತಾಳೋ ನೋಡೋಣವೆಂದು ಅವನು ಕಾದಿದ್ದ. ಅವನು ಗೋಡೆ ಬಿಟ್ಟು ಹೆಂಡತಿಯ ಮುಂದೆ ಬಂದು ನಿಂತ.

"ಒಂದು ಕೇಳ್ತೀನಿ. ಇವರ ಹತ್ರ ಹೋದೆಯಲ್ಲ, ನನ್ನನ್ನ ಬಿಡಿಸಿ ಅಂತ ಕೇಳೋಕೆ ಹೋದ್ಯಾ, ಇಲ್ಲಾ ನಾನೇ ಮಾಡಿದ್ನಾ ಅಂತ ಕೇಳೋಕೆ ಹೋದ್ಯಾ?"

ಒಂದು ಸುಳ್ಳು ಹೇಳಿದರೆ ಸಂಸಾರ ಉಳಿಯುತ್ತದಲ್ಲ, ಹೇಳಮ್ಮ ಹೇಳು ಎಂದು ಮೈದುನ ಮನಸ್ಸಿನಲ್ಲೇ ಅವಳಿಗೆ ದುಂಬಾಲು ಬಿದ್ದ.

"ನೀವೇ ಮಾಡಿದ್ರಾ ಅಂತ ಕೇಳೋಕೆ," ಎಂದಳು ಅವಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅವನ ಮುಖದಿಂದ ದೃಷ್ಟಿ ತೆಗೆಯಲಿಲ್ಲ. "ನನಗೆ ಅನುಮಾನ ಇತ್ತು."

ಲೇತಿನವನು ಕುರ್ಚಿಯಲ್ಲಿದ್ದ ಅತ್ತೆಯನ್ನು ನೋಡಿದ, ದಿಂಬುಗಳ ಮೇಲಿದ್ದ ಭಾವಮೈದನನ್ನು ನೋಡಿದ, ಮತ್ತೆ ಹೆಂಡತಿಯ ಕಡೆ ತಿರುಗಿದ.

"ಈ ಮನೇಲಿ ಕೇಳಿದ ತಕ್ಷಣ ನಿಜ ಹೇಳಿದವಳು ನೀನೊಬ್ಬಳೇ," ಎಂದ. "ಬಟ್ಟೆ ಕಟ್ಕೋ. ಹೋಗೋಣ."